‘ನನ್ನ ಮಿದುಳಿಗೇ ಏಟು ಬಿದ್ದಿದೆಯಾ ಡಾಕ್ಟ್ರೇ?’

ಪ್ರಶ್ನೆ: ನನಗೆ 43 ವರ್ಷ. ಮನೆ ಉಡುಪಿಯಲ್ಲಿ, ಕೆಲಸ ಸುರತ್ಕಲ್ ಹತ್ತಿರದ ಒಂದು ಬ್ಯಾಂಕ್ ಶಾಖೆಯಲ್ಲಿ. ಸಾಲದ ವಿಭಾಗ ನೋಡಿಕೊಳ್ಳುತ್ತೇನೆ. ಎರಡು ವರ್ಷದಿಂದ ಸ್ಟಾಫ್ ಕಡಿಮೆ, ಟಾರ್ಗೆಟ್ ಜಾಸ್ತಿ. ಮನೆಗೆ ಬಂದ ಮೇಲೂ ವಾಟ್ಸಾಪ್ ಗ್ರೂಪಿನಲ್ಲಿ ‘ಇವತ್ತಿನ ಫಿಗರ್ ಕಳಿಸಿ’ ಅಂತ ಬರುತ್ತಲೇ ಇರುತ್ತದೆ. ಈಗೀಗ ವಿಪರೀತ ಮರೆವು. ವರ್ಷಗಳಿಂದ ಗೊತ್ತಿರುವ ಗ್ರಾಹಕರ ಹೆಸರು ಬಾಯಿಗೆ ಬರುವುದಿಲ್ಲ. ಒಂದು ಸರ್ಕ್ಯುಲರ್ ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಮೊನ್ನೆ ಸ್ಟ್ರಾಂಗ್ ರೂಮಿನ ಎದುರು ಕೀ ಹಿಡಿದು ನಿಂತೆ, ಯಾಕೆ ಬಂದೆ ಅಂತಲೇ ನೆನಪಾಗಲಿಲ್ಲ. ಮಗನ ಮೇಲೆ ಸುಮ್ನೆ ರೇಗುತ್ತೇನೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ. ಡಿಸೆಂಬರಿನಲ್ಲಿ ಒಂದು ವಾರ ರಜೆ ಹಾಕಿ ಸುತ್ತಾಡಿ ಬಂದೆವು, ಚೆನ್ನಾಗಿತ್ತು. ಕೆಲಸಕ್ಕೆ ವಾಪಸ್ ಬಂದ ಎರಡೇ ದಿನಕ್ಕೆ ಮೊದಲಿನ ಹಾಗೆಯೇ. ನನ್ನ ಅಜ್ಜಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು. ಯಜಮಾನರು ಎಂಆರ್‌ಐ ಮಾಡಿಸೋಣ ಅನ್ನುತ್ತಾರೆ. ಅತ್ತೆ ಜೋಯಿಸರಲ್ಲಿ ಕೇಳಿಸಿ ಆಯಿತು, ನೆನಪಿಗೆ ಒಳ್ಳೆಯದು ಅಂತ ದಿನಾ ತಿಮರೆ (ಒಂದೆಲಗ) ಚಟ್ನಿಯೂ ಆಗುತ್ತಿದೆ. ನನ್ನ ಮಿದುಳಿಗೇ ಏಟು ಬಿದ್ದಿದೆಯಾ ಡಾಕ್ಟ್ರೇ? ಬಿದ್ದಿದ್ದರೆ ಸರಿಯಾಗುತ್ತದಾ?

ಉತ್ತರ: ಪತ್ರ ಓದಿ ಕಾಯಿಲೆ ಹೇಳುವ ಅಭ್ಯಾಸ ನನಗಿಲ್ಲ. ಆದರೂ ನೀವು ವಿವರವಾಗಿ ಬರೆದಿದ್ದೀರಿ, ಹಾಗಾಗಿ ಒಂದು ಮಾತು ಧೈರ್ಯವಾಗಿ ಹೇಳಬಹುದು. ಮಿದುಳು ಹಾಳಾಗಿರುವ ಲಕ್ಷಣ ಇದರಲ್ಲಿ ಕಾಣುವುದಿಲ್ಲ. ಬಹಳ ಕಾಲ ಒತ್ತಡದಲ್ಲೇ ಇದ್ದ ಮಿದುಳು ಕೆಲಸ ಮಾಡುವ ರೀತಿ ಬದಲಾಯಿಸಿಕೊಂಡಿರುವ ಲಕ್ಷಣ ಕಾಣುತ್ತದೆ. ಇದು ಹೆಚ್ಚಿನಂಶ ಸರಿಯಾಗುತ್ತದೆ. ಆದರೆ ಮಿದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಸುಧಾರಿಸುವುದಿಲ್ಲ. ಕೆಲವು ಬೇಗ, ಒಂದು ಭಾಗ ತುಂಬಾ ನಿಧಾನ. ನಿಮ್ಮ ಡಿಸೆಂಬರ್ ರಜೆ ಎರಡೇ ದಿನಕ್ಕೆ ಯಾಕೆ ಕರಗಿಹೋಯಿತು ಅನ್ನುವುದಕ್ಕೂ ಇದರಲ್ಲೇ ಉತ್ತರ ಉಂಟು.

ಅಜ್ಜಿಯ ಕಾಯಿಲೆ ನಿಮಗೂ ಬಂತಾ ಅನ್ನುವ ಹೆದರಿಕೆಯನ್ನು ಮೊದಲು ಬದಿಗಿಡೋಣ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇರುವವರು ‘ನನಗೆ ಮರೆವು’ ಅಂತ ಸಾಮಾನ್ಯವಾಗಿ ಇಷ್ಟುದ್ದ ಪತ್ರ ಬರೆಯುವುದಿಲ್ಲ. ದೂರು ಹೇಳಿಕೊಂಡು ಬರುವುದು ಮನೆಯವರು. ‘ನನಗೇನಾಗಿದೆ, ಇವರು ಸುಮ್ನೆ ಕರೆದುಕೊಂಡು ಬಂದರು’ ಅಂತ ರೋಗಿ ನಗುತ್ತಾ ಕೂತಿರುತ್ತಾರೆ. ನಿಮ್ಮದು ಹಾಗಲ್ಲ. ಮರೆತ ಹೆಸರು ಅರ್ಧ ಗಂಟೆ ಬಿಟ್ಟು ಬಸ್ಸಿನಲ್ಲಿ ಕೂತಾಗ ತಾನಾಗಿ ನೆನಪಾಗುತ್ತದೆ, ಅಲ್ವಾ? ಯಾರಾದರೂ ಮೊದಲ ಅಕ್ಷರ ಹೇಳಿದರೂ ಸಾಕು, ಬಂದುಬಿಡುತ್ತದೆ. ಅಂದರೆ ಹೆಸರು ಒಳಗೆ ಭದ್ರವಾಗಿದೆ, ಬೇಕಾದಾಗ ಸಿಗುತ್ತಿಲ್ಲ ಅಷ್ಟೆ. ಸ್ಟ್ರಾಂಗ್ ರೂಮಿನ ಎದುರು ನಿಂತದ್ದು ಇನ್ನೂ ಬೇರೆ. ಅಲ್ಲಿ ಕೈಕೊಟ್ಟದ್ದು ಗಮನ. ಕುರ್ಚಿಯಿಂದ ಏಳುವಾಗಲೇ ಮನಸ್ಸು ಸಂಜೆಯ ಫಿಗರ್ ಮೇಲಿತ್ತು. ತಲೆಯಲ್ಲಿ ದಾಖಲೇ ಆಗದ ವಿಷಯ ನೆನಪಾಗುವುದಾದರೂ ಹೇಗೆ?

ಕ್ಲಿನಿಕ್ಕಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. 100ರಿಂದ 7 ಕಳೆಯುತ್ತಾ ಹೋಗಿ ಅಂತ ಹೇಳುತ್ತೇವೆ. ಗಮನ ನಿಲ್ಲುತ್ತದಾ ಅಂತ ನೋಡುವ ಹಳೇ ಪರೀಕ್ಷೆ ಅದು. ದಿನವಿಡೀ ಹಣ ಎಣಿಸುವ ಕ್ಯಾಷಿಯರ್ ಒಬ್ಬರು 93 ಅಂದರು, 86 ಅಂದರು. ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಮೊಬೈಲ್ ಗುಂಯ್ ಅಂದಿತು. ಅವರು ತೆಗೆದು ನೋಡಲಿಲ್ಲ. ಕೈ ಮಾತ್ರ ಜೇಬಿನ ಹತ್ತಿರ ಹೋಗಿ ವಾಪಸ್ ಬಂತು. ಮುಂದಿನ ಸಂಖ್ಯೆ ಬರಲೇ ಇಲ್ಲ. ‘ಎಷ್ಟಕ್ಕೆ ನಿಲ್ಲಿಸಿದ್ದೆ?’ ಅಂತ ನನ್ನನ್ನೇ ಕೇಳಿದರು. ಫೋನನ್ನು ಹೊರಗೆ ಹೆಂಡತಿಯ ಕೈಗೆ ಕೊಟ್ಟು ಬಂದು, ಸ್ವಲ್ಪ ಹೊತ್ತು ಸುಮ್ನೆ ಕೂತು ಮತ್ತೆ ಶುರು ಮಾಡಿದಾಗ 79, 72, 65, 58 ಅಂತ ಸಲೀಸಾಗಿ ಇಳಿದರು. ಲೆಕ್ಕ ಮಾಡುವ ಶಕ್ತಿ ಎಲ್ಲೂ ಹೋಗಿರಲಿಲ್ಲ.

ಇದು ಯಾಕೆ ಹೀಗಾಗುತ್ತದೆ ಅಂತ ತಿಳಿಯಲು ಒತ್ತಡ ದೇಹದಲ್ಲಿ ಯಾವ ದಾರಿ ಹಿಡಿಯುತ್ತದೆ ಅಂತ ನೋಡಬೇಕು. ಅಪಾಯ ಕಂಡ ಕ್ಷಣ ಅಡ್ರಿನಲಿನ್ ಸುರಿಯುತ್ತದೆ, ಎದೆ ಬಡಿತ ಏರುತ್ತದೆ. ಇದು ಸೆಕೆಂಡುಗಳ ಮಾತು. ಅದರ ಹಿಂದೆಯೇ ನಿಧಾನವಾದ ಇನ್ನೊಂದು ಸಾಲು ಶುರುವಾಗುತ್ತದೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿಯು ಮೂತ್ರಪಿಂಡದ ನೆತ್ತಿಯಲ್ಲಿ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಅದು ಕಾರ್ಟಿಸೋಲ್ ಅನ್ನುವ ಹಾರ್ಮೋನು ಬಿಡುತ್ತದೆ. ಕಾರ್ಟಿಸೋಲನ್ನು ಎಲ್ಲರೂ ಬೈಯುತ್ತಾರೆ, ಆದರೆ ಅದಿಲ್ಲದೆ ನೀವು ಬೆಳಿಗ್ಗೆ ಹಾಸಿಗೆಯಿಂದ ಏಳುವುದೂ ಕಷ್ಟ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ಏರಿ, ದಿನವಿಡೀ ಇಳಿಯುತ್ತಾ ಬಂದು, ನಡುರಾತ್ರಿಯ ಹೊತ್ತಿಗೆ ತೀರಾ ಕಡಿಮೆಯಾಗುತ್ತದೆ. ಹಾಗೆ ಇಳಿಯಲು ಬಿಡಬೇಕು. ರಾತ್ರಿ ಒಂಬತ್ತೂವರೆಗೆ ‘ಫಿಗರ್ ಕಳಿಸಿ’ ಅಂತ ಮೆಸೇಜ್ ಬಂದರೆ ಇಳಿಯುವುದೆಲ್ಲಿಂದ? ಮೆಸೇಜ್ ಬರದಿದ್ದರೂ, ಬರಬಹುದು ಅಂತ ಕಾಯುತ್ತಾ ಕೂತರೆ ದೇಹಕ್ಕೆ ಅದೂ ಒತ್ತಡವೇ.

ಇನ್ನು ಮಿದುಳಿನ ಮೂರು ಜಾಗಗಳ ವಿಷಯ. ಹೆಸರುಗಳು ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಹಣೆಯ ಹಿಂದೆ ಇರುವುದು ಪ್ರಿಫ್ರಂಟಲ್ ಕಾರ್ಟೆಕ್ಸ್. ಯೋಚನೆ ಮಾಡಿ ಹೆಜ್ಜೆ ಇಡುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಮನಸ್ಸು ತಿರುಗಿಸುವುದು, ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವುದು ಎಲ್ಲ ಇದರ ಕೆಲಸ. ಕಿವಿಯ ನೇರಕ್ಕೆ ಒಳಗೆ, ಬಾದಾಮಿಯಷ್ಟು ಇರುವುದು ಅಮಿಗ್ಡಲಾ. ಅಪಾಯದ ವಾಸನೆ ಹಿಡಿಯುವುದು ಅದರ ಕೆಲಸ. ಅದರ ಪಕ್ಕದಲ್ಲೇ ಹಿಪೊಕ್ಯಾಂಪಸ್. ಹೊಸ ಸಂಗತಿಗಳು ನೆನಪಾಗಿ ಕೂರಲು ಅದು ಬೇಕೇ ಬೇಕು. ಕಾರ್ಟಿಸೋಲ್ ಸಾಕು, ನಿಲ್ಲಿಸಿ ಅಂತ ಹೇಳುವುದರಲ್ಲೂ ಅದರ ಪಾಲಿದೆ. 1968ರಲ್ಲಿ ಅಮೆರಿಕದ ಮಿದುಳು ವಿಜ್ಞಾನಿ ಬ್ರೂಸ್ ಮೆಕ್‌ಯೂಅನ್ ಮತ್ತು ಸಂಗಡಿಗರು ಇಲಿಗಳಲ್ಲಿ ಒಂದು ಸಂಗತಿ ಕಂಡುಕೊಂಡರು. ಅಡ್ರಿನಲ್ ಗ್ರಂಥಿಯ ಒತ್ತಡದ ಹಾರ್ಮೋನು ಮಿದುಳಿಗೆ ಹೋಗಿ ಹಿಪೊಕ್ಯಾಂಪಸ್ಸಿನಲ್ಲಿ ಹಿಡಿದುಕೊಳ್ಳುತ್ತದೆ. ಒತ್ತಡ ಮನಸ್ಸಿನ ವಿಷಯ ಮಾತ್ರ ಅಂದುಕೊಂಡಿದ್ದವರಿಗೆ ಅದು ದೊಡ್ಡ ಸುದ್ದಿಯಾಗಿತ್ತು.

ನಮ್ಮ ಯಕ್ಷಗಾನದಲ್ಲಿ ಆಟ ನಡೆಸುವವರು ಭಾಗವತರು, ಅಲ್ವಾ? ಪ್ರಿಫ್ರಂಟಲ್ ಭಾಗ ಆ ಜಾಗದಲ್ಲಿದೆ. ಚೆಂಡೆ ಬೇಕು, ಅದಿಲ್ಲದಿದ್ದರೆ ಆಟ ಏಳುವುದಿಲ್ಲ. ಆದರೆ ಪದ ಕೇಳದಷ್ಟು ಜೋರಾಗಿ ರಾತ್ರಿಯಿಡೀ ಬಾರಿಸಿದರೆ ವೇಷ ಕುಣಿಯುತ್ತದೆ, ಯಾವ ಪ್ರಸಂಗ ಅಂತ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ವರ್ಷಾನುಗಟ್ಟಲೆ ಕೆಲಸ ಮಾಡಿದ್ದು ಇದರ ಮೇಲೆಯೇ. ಮಿದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕಗಳಾದ ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಹದವಾಗಿದ್ದರೆ ಪ್ರಿಫ್ರಂಟಲ್ ಭಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಹದ ಮೀರಿದರೆ ಅದರ ಜೀವಕೋಶಗಳ ನಡುವಿನ ಸಂಪರ್ಕ ಸಡಿಲವಾಗುತ್ತದೆ, ಅಧಿಕಾರ ಅಮಿಗ್ಡಲಾದ ಕೈಗೆ ಹೋಗುತ್ತದೆ. ಹಾವು ಎದುರಾದಾಗ ಇದು ಒಳ್ಳೆಯದೇ, ಯೋಚಿಸುತ್ತಾ ನಿಂತರೆ ಕೆಟ್ಟಿರಿ. ಸಾಲದ ಫೈಲ್ ಓದುವಾಗ ಇದರಿಂದ ಉಪಯೋಗವಿಲ್ಲ. ಸರ್ಕ್ಯುಲರ್ ತಲೆಗೆ ಹೋಗದಿರುವುದು, ಮಗನ ಮೇಲೆ ರೇಗುವುದು, ಎರಡರ ಬೇರೂ ಒಂದೇ. ಬೆಳಿಗ್ಗೆಯಿಂದ ಗ್ರಾಹಕರ ಎದುರು, ಮೇಲಿನವರ ಎದುರು ನುಂಗಿಕೊಂಡು ನುಂಗಿಕೊಂಡು ಸಂಜೆ ಮನೆಗೆ ಬರುವಾಗ ನುಂಗಿಕೊಳ್ಳುವ ಭಾಗಕ್ಕೇ ದಣಿವಾಗಿರುತ್ತದೆ. ಸಿಕ್ಕಿದ್ದು ಮಗ.

ಈಗ ರಜೆಯ ವಿಷಯ. ಇಲ್ಲಿ ನಮ್ಮ ಬೆಂಗಳೂರಿನಲ್ಲೇ ಆದ ಒಂದು ಕೆಲಸ ಹೇಳಲೇಬೇಕು. ಜೀವವಿಜ್ಞಾನದ ಸಂಶೋಧನೆ ನಡೆಸುವ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಸುಮಂತ್ರ ಚಟ್ಟರ್ಜಿ ಅವರ ತಂಡ ಇಲಿಗಳನ್ನು ದಿನಕ್ಕೆ 2 ಗಂಟೆ ಅಲುಗಾಡಲು ಆಗದಂತೆ ಹಿಡಿದಿಟ್ಟಿತು. ಹೀಗೆ 10 ದಿನ. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿದ್ದವು. ಅಮಿಗ್ಡಲಾದ ನರಕೋಶಗಳ ಕವಲುಗಳು ಬೆಳೆದಿದ್ದವು! ಅದೇ ಒತ್ತಡ, ಅದೇ ಇಲಿ, ನೆನಪಿನ ಜಾಗ ಸೊರಗಿತು, ಹೆದರಿಕೆಯ ಜಾಗ ಕೊಬ್ಬಿತು. ಒತ್ತಡದಿಂದ ಮಿದುಳು ಸವೆಯುತ್ತದೆ ಅನ್ನುವ ಮಾತು ಅರ್ಧ ಸತ್ಯ ಮಾತ್ರ ಅಂತ ಆಗ ಗೊತ್ತಾಯಿತು. 2004ರಲ್ಲಿ ಅದೇ ತಂಡ ಮುಂದಿನ ಹೆಜ್ಜೆ ಇಟ್ಟಿತು. ಒತ್ತಡ ನಿಲ್ಲಿಸಿ ಇಲಿಗಳನ್ನು 21 ದಿನ ಅವುಗಳ ಪಾಡಿಗೆ ಬಿಟ್ಟರು. ಹಿಪೊಕ್ಯಾಂಪಸ್ ಮೊದಲಿನಂತಾಯಿತು. ಅಮಿಗ್ಡಲಾದ ಕವಲುಗಳು ಬೆಳೆದದ್ದು ಬೆಳೆದ ಹಾಗೆಯೇ ಇದ್ದವು. ಆ ಇಲಿಗಳ ಹೆದರಿಕೆಯೂ ಹೋಗಿರಲಿಲ್ಲ.

ಇಲಿ ಇಲಿಯೇ, ಬ್ಯಾಂಕ್ ಅಧಿಕಾರಿ ಅಲ್ಲ. ಇಲಿಯ 21 ದಿನವನ್ನು ಮನುಷ್ಯರ ಇಷ್ಟು ತಿಂಗಳು ಅಂತ ಲೆಕ್ಕ ಹಾಕಲೂ ಆಗುವುದಿಲ್ಲ. ಆದರೆ ನಿಮ್ಮಂಥವರನ್ನು ನೋಡುವಾಗ ನನಗೆ ಈ ಕೆಲಸ ಮತ್ತೆ ಮತ್ತೆ ನೆನಪಾಗುತ್ತದೆ. ರಜೆಯಲ್ಲಿ ನಿದ್ದೆ ಬಂತು, ಹೆಸರುಗಳು ಬಾಯಿಗೆ ಬಂದವು, ಮಗನ ಜೊತೆ ನಕ್ಕಿರಿ. ‘ಎಲ್ಲ ಸರಿಹೋಯಿತು’ ಅನಿಸಿತು. ಕಾಯುತ್ತಾ ಕೂತಿದ್ದ ಆ ಬಾದಾಮಿ ಗಾತ್ರದ್ದು ಮಾತ್ರ ಸರಿಹೋಗಿರಲಿಲ್ಲ. ಸೋಮವಾರ ಗ್ರೂಪಿನ ಮೊದಲ ಟಿಂಗ್ ಶಬ್ದಕ್ಕೆ ಎದೆ ಧಸಕ್ಕೆಂದಿತು, ಮತ್ತೆ ಅದೇ ಸಾಲು ಶುರು. ಇದರಲ್ಲಿ ನಿಮ್ಮ ಮನೋಬಲ ಕಡಿಮೆ ಅಂತೇನೂ ಇಲ್ಲ. ಒಂದು ವಾರ ಸಾಲದು, ಅಷ್ಟೆ. ರಜೆ ಮುಗಿಸಿ ಅದೇ ಕುರ್ಚಿ, ಅದೇ ಟಾರ್ಗೆಟ್, ಅದೇ ಗ್ರೂಪಿಗೆ ಹೋಗಿ ಕೂತರೆ ಒಂದು ತಿಂಗಳ ರಜೆಯೂ ಹೆಚ್ಚು ದಿನ ಬಾಳುವುದಿಲ್ಲ.

ಮನುಷ್ಯರ ಮೇಲೂ ಅಧ್ಯಯನ ಆಗಿದೆ. 2009ರಲ್ಲಿ ನ್ಯೂಯಾರ್ಕಿನಲ್ಲಿ 20 ಮೆಡಿಕಲ್ ವಿದ್ಯಾರ್ಥಿಗಳನ್ನು ದೊಡ್ಡ ಪರೀಕ್ಷೆಗೆ ತಯಾರಾಗುವ ತಿಂಗಳ ಕೊನೆಗೆ ಪರೀಕ್ಷಿಸಿದರು. ಒಂದರಿಂದ ಇನ್ನೊಂದಕ್ಕೆ ಗಮನ ತಿರುಗಿಸುವುದು ಅವರಿಗೆ ಕಷ್ಟವಾಗುತ್ತಿತ್ತು, ಪ್ರಿಫ್ರಂಟಲ್ ಭಾಗದ ಸಂಪರ್ಕವೂ ತಗ್ಗಿತ್ತು. ಪರೀಕ್ಷೆ ಮುಗಿದು ಒಂದು ತಿಂಗಳಾದ ಮೇಲೆ ಎಲ್ಲ ಮೊದಲಿನಂತೆ. ಮಣಿಪಾಲ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಹಾಸ್ಟೆಲಿನಲ್ಲಿ ಇದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಇದ್ದ ಒಂದು ಅನುಕೂಲ ನಿಮಗಿಲ್ಲ: ಪರೀಕ್ಷೆಗೆ ಮುಗಿಯುವ ದಿನಾಂಕ ಇರುತ್ತದೆ. ಮಾರ್ಚ್ ಎಂಡ್ ಮುಗಿದರೆ ಏಪ್ರಿಲ್ ಒಂದಕ್ಕೆ ಹೊಸ ಟಾರ್ಗೆಟ್ ಬರುತ್ತದೆ.

ವರ್ಷಗಟ್ಟಲೆ ಹೀಗೇ ದುಡಿದವರನ್ನು ಸ್ವೀಡನ್ನಿನಲ್ಲಿ ನೋಡಿದ್ದಾರೆ. ಅಲ್ಲಿ ಕೆಲಸದ ದಣಿವಿನಿಂದ ಕುಸಿದವರಿಗೆ 2005ರಿಂದ ಪ್ರತ್ಯೇಕ ಕಾಯಿಲೆಯ ಹೆಸರೇ ಇದೆ. ವಾರಕ್ಕೆ 60ರಿಂದ 70 ಗಂಟೆಯಂತೆ ವರ್ಷಾನುಗಟ್ಟಲೆ ದುಡಿದು ಬಸವಳಿದ 40 ಜನರನ್ನು ಆರೋಗ್ಯವಾಗಿದ್ದ 70 ಜನರ ಜೊತೆ ಹೋಲಿಸಿದರು. ಮನಸ್ಸಿಗೆ ಕಿರಿಕಿರಿಯಾಗುವ ಚಿತ್ರ ತೋರಿಸಿ, ಆ ಭಾವನೆಯನ್ನು ತಗ್ಗಿಸಿಕೊಳ್ಳಿ ಅಂತ ಹೇಳಿ, ಫಕ್ಕನೆ ಜೋರು ಶಬ್ದ ಮಾಡಿದರು. ದಣಿದವರು ಜಾಸ್ತಿ ಬೆಚ್ಚಿಬಿದ್ದರು. ಪ್ರಿಫ್ರಂಟಲ್ ಭಾಗಕ್ಕೂ ಅಮಿಗ್ಡಲಾಕ್ಕೂ ಇರುವ ಸಂಪರ್ಕ ಅವರಲ್ಲಿ ದುರ್ಬಲವಾಗಿತ್ತು. ಇದು 2014ರ ವರದಿ. ಇಂಥ ರೋಗಿಗಳನ್ನೇ ಒಂದೆರಡು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದ ಇನ್ನೊಂದು ಅಧ್ಯಯನ 2018ರಲ್ಲಿ ಬಂತು. ತೆಳುವಾಗಿದ್ದ ಪ್ರಿಫ್ರಂಟಲ್ ಪದರ ಚೇತರಿಸಿಕೊಂಡಿತ್ತು, ಆದರೆ ಎಲ್ಲ ಬದಲಾವಣೆಗಳೂ ಅಳಿಸಿಹೋಗಿರಲಿಲ್ಲ. ಆಗಲೇ ಹೇಳಿದೆನಲ್ಲ, ಎಲ್ಲವೂ ಒಂದೇ ವೇಗದಲ್ಲಿ ಅಲ್ಲ.

ಇನ್ನೊಂದು ಸಂಗತಿ ನೀವು ಬರೆದಿಲ್ಲ, ಆದರೆ ಇರಲೇಬೇಕು ಅಂತ ನನ್ನ ಊಹೆ. ರಾತ್ರಿ ಹತ್ತಕ್ಕೆ ಏನೂ ಬಂದಿಲ್ಲ ಅಂತ ಗೊತ್ತಿದ್ದೂ ಗ್ರೂಪ್ ತೆರೆದು ನೋಡುತ್ತೀರಿ. ಪೋರ್ಚುಗಲ್ಲಿನ ಒಂದು ತಂಡ 2009ರಲ್ಲಿ ತೋರಿಸಿದ್ದು ಇದನ್ನೇ. ಸನ್ನೆಕೋಲು ಒತ್ತಿದರೆ ತಿಂಡಿ ಸಿಗುತ್ತದೆ ಅಂತ ಇಲಿಗಳಿಗೆ ಕಲಿಸಿದರು. ಹೊಟ್ಟೆ ತುಂಬಿಸಿ ಬಿಟ್ಟಾಗ ಸಾಧಾರಣ ಇಲಿಗಳು ಒತ್ತುವುದು ಕಡಿಮೆ ಮಾಡಿದವು. ವಾರಗಟ್ಟಲೆ ಒತ್ತಡದಲ್ಲಿದ್ದ ಇಲಿಗಳು ಹೊಟ್ಟೆ ತುಂಬಿದ್ದರೂ ಒತ್ತುತ್ತಲೇ ಇದ್ದವು. ಗುರಿ ನೋಡಿ ನಡೆಸುವ ಜಾಲ ಕುಗ್ಗಿ, ಅಭ್ಯಾಸದಿಂದ ನಡೆಸುವ ಜಾಲ ಬೆಳೆದಿತ್ತು. ಹಾಗಾಗಿ ಒಂದು ಮಾತು: ಈ ಸ್ಥಿತಿಯಲ್ಲಿ ರಾಜೀನಾಮೆ, ವಿಆರ್‌ಎಸ್ (ಸ್ವಯಂ ನಿವೃತ್ತಿ) ಅಂತ ದೊಡ್ಡ ತೀರ್ಮಾನ ಮಾಡಬೇಡಿ. ಕೆಲಸ ಬಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಲೆಕ್ಕ ಹಾಕಬೇಕಾದ ಭಾಗವೇ ಈಗ ದಣಿದಿದೆ. ಮೊದಲು ನಿದ್ದೆ ಸರಿಯಾಗಲಿ.

ಕೆಲಸದ ಒತ್ತಡದಿಂದ ಹೀಗೆ ದಣಿದು ಕುಸಿಯುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನುವ ಮನಶ್ಶಾಸ್ತ್ರಜ್ಞರು ಇದರ ಬಗ್ಗೆ ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಗುರುತು ಹೇಳಿತು: ದಣಿವು, ಕೆಲಸದ ಮೇಲೆ ಜಿಗುಪ್ಸೆ, ಮೊದಲಿನಷ್ಟು ಮಾಡಲು ಆಗುತ್ತಿಲ್ಲ ಅನ್ನುವ ಭಾವನೆ. ಮೊದಲನೆಯದು, ಕೊನೆಯದು ನಿಮ್ಮ ಪತ್ರದಲ್ಲಿ ಎದ್ದು ಕಾಣುತ್ತವೆ. ನಡುವಿನದ್ದನ್ನು ನೀವೇ ಕೇಳಿಕೊಳ್ಳಿ. ಪಾಸ್‌ಬುಕ್ ಹಿಡಿದು ವಯಸ್ಸಾದವರೊಬ್ಬರು ಕೌಂಟರಿಗೆ ಬಂದಾಗ ‘ಅಯ್ಯೋ, ಇವರೊಬ್ಬರು’ ಅನಿಸುತ್ತದಾ? ಮೊದಲು ಹಾಗೆ ಅನಿಸುತ್ತಿರಲಿಲ್ಲ ಅಂತಾದರೆ ಅದೂ ಸೇರಿತು. ಆದರೆ ಆ ಸಂಸ್ಥೆ ಇದನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸದ ಜಾಗದ ಸಮಸ್ಯೆ ಅಂದಿದೆ. ನನಗೆ ಅದು ಸರಿಯಾಗಿಯೇ ಕಾಣುತ್ತದೆ. ಕಾಯಿಲೆ ಅಂದ ಕೂಡಲೇ ಎಲ್ಲ ನಿಮ್ಮ ಮಂಡೆಯೊಳಗೇ ಇದೆ, ಮಾತ್ರೆ ನುಂಗಿ ಸರಿಯಾಗಿ ಅಂತಾಗುತ್ತದೆ.

ನಮ್ಮ ಊರಿನಲ್ಲಿ ಇದನ್ನು ಒಪ್ಪಿಸುವುದು ಇನ್ನೂ ಕಷ್ಟ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಅಂತ ಐದು ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಇದು. 2019 ಮತ್ತು 2020ರ ವಿಲೀನದಲ್ಲಿ ಅವುಗಳಲ್ಲಿ ಮೂರರ ಹೆಸರೇ ಹೋಯಿತು, ಆದರೆ ಬ್ಯಾಂಕಿನ ಕೆಲಸ ಸಿಕ್ಕಿದರೆ ಬಾಳು ದಡ ಸೇರಿತು ಅನ್ನುವ ನಂಬಿಕೆ ಹೋಗಿಲ್ಲ. ‘ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸಕ್ಕೆ ಎಂತ ಮಂಡೆಬಿಸಿ ಮಾರಾಯ್ತಿ?’ ಅಂತ ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಅವರಿಗೆ ಹೇಳಿ: ಕೆಲಸ ಎಷ್ಟು ಅನ್ನುವುದು ಒಂದು, ಅದರ ಮೇಲೆ ನಮ್ಮ ಹಿಡಿತ ಎಷ್ಟು ಅನ್ನುವುದು ಇನ್ನೊಂದು. 1979ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ ಹೇಳಿದ್ದು ಇದನ್ನೇ. ಕೆಲಸ ಜಾಸ್ತಿ ಇದ್ದು ಹಿಡಿತವೂ ಇದ್ದರೆ ಮನುಷ್ಯ ತಡೆದುಕೊಳ್ಳುತ್ತಾನೆ. ಕೆಲಸ ಜಾಸ್ತಿ, ಹಿಡಿತ ಇಲ್ಲ ಅಂದರೆ ಕುಸಿಯುತ್ತಾನೆ. ಟಾರ್ಗೆಟ್ ಇಡುವವರು ಎಲ್ಲೋ, ಸಾಲ ಕಟ್ಟದ ಮೀನುಗಾರರ ಎದುರು ಹೋಗಿ ನಿಲ್ಲುವವರು ನೀವು.

ಮಿದುಳಿಗೆ ನಿಜವಾಗಿ ಏಟು ಬೀಳುವ ದಾರಿಯೂ ಒಂದಿದೆ, ಅದು ಪಾರ್ಶ್ವವಾಯು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ. ಎಂಆರ್‌ಐಗೆ ಕೊಡುವ ಹಣಕ್ಕಿಂತ ಬಿಪಿ ನೋಡಿಸಲು ಕೊಡುವ ಐದು ನಿಮಿಷಕ್ಕೆ ಬೆಲೆ ಹೆಚ್ಚು ಅಂತ ಹೇಳಲು ಹೇಳಿದೆ.

ಹೌದು, ಎಂಆರ್‌ಐ ಈಗ ಬೇಡ. ಮೇಲೆ ಹೇಳಿದ ವ್ಯತ್ಯಾಸಗಳೆಲ್ಲ ಹತ್ತಾರು ಜನರ ಸರಾಸರಿ ತೆಗೆದಾಗ ಕಾಣುವಂಥವು. ಒಬ್ಬರ ಸ್ಕ್ಯಾನ್ ನೋಡಿ ‘ಇದು ಬರ್ನ್‌ಔಟ್’ ಅಂತ ಯಾವ ರೇಡಿಯಾಲಜಿಸ್ಟೂ ಹೇಳಲಾರರು. ‘ನಾರ್ಮಲ್’ ಅಂತ ರಿಪೋರ್ಟ್ ಬರುತ್ತದೆ, ಮನೆಯವರು ‘ನೋಡು, ಏನೂ ಇಲ್ಲ’ ಅನ್ನುತ್ತಾರೆ, ನಿಮಗೆ ಇನ್ನಷ್ಟು ಸಂಕಟ. ಗೊತ್ತಿರುವ ದಾರಿಯೇ ತಪ್ಪುವುದು, ಮಾತು ತೊದಲುವುದು, ಒಂದು ಬದಿ ಸೋಲುವುದು, ಫಿಟ್ಸ್, ಹಿಂದೆಂದೂ ಇಲ್ಲದ ತಲೆನೋವು, ಇಂಥದ್ದಿದ್ದರೆ ವಿಷಯ ಬೇರೆ, ಆಗ ಕಾಯಬಾರದು. ಹೆಲ್ತ್ ಪ್ಯಾಕೇಜ್ ಹೆಸರಿನಲ್ಲಿ ಮಾರುವ ಕಾರ್ಟಿಸೋಲ್ ಪರೀಕ್ಷೆಯೂ ಬೇಡ. ಬರ್ನ್‌ಔಟ್ ಆದವರಲ್ಲಿ ಕಾರ್ಟಿಸೋಲ್ ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ, ಹಲವರಿಗೆ ಸರಿಯಾಗಿಯೇ ಇರುತ್ತದೆ. ಒಂದು ಸಲ ರಕ್ತ ತೆಗೆದು ನೋಡಿದರೆ ಏನೂ ತಿಳಿಯುವುದಿಲ್ಲ.

ಮಾಡಿಸಬೇಕಾದದ್ದು ಬೇರೆ ಇದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಕಡಿಮೆಯಾದರೂ, ರಕ್ತ ಕಡಿಮೆಯಾದರೂ ಹೀಗೇ ದಣಿವು, ಹೀಗೇ ಮರೆವು. ಸಸ್ಯಾಹಾರಿಗಳಾದರೆ ಬಿ12 ನೋಡಲೇಬೇಕು. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲೂ ನಿದ್ದೆ ಕೆಡುವುದು, ಹೆಸರು ಮರೆಯುವುದು ಇರುತ್ತದೆ. ಖಿನ್ನತೆಯೂ ಇದರೊಳಗೆ ಅಡಗಿರಬಹುದು. ಅಂದಾಜಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಕೆಲಸ ಇಲ್ಲದ ದಿನ, ಇಷ್ಟದವರ ಜೊತೆ ಇದ್ದಾಗ ಖುಷಿ ಆಗುತ್ತದಾ? ರಜೆಯಲ್ಲಿ ಚೆನ್ನಾಗಿತ್ತು ಅಂದಿದ್ದೀರಿ, ಒಳ್ಳೆಯ ಸೂಚನೆ. ಯಾವುದರಲ್ಲೂ ರುಚಿ ಇಲ್ಲ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತದೆ ಅಂತಾದರೆ ಅಂದೇ ಡಾಕ್ಟರರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು, ಹಣ ಇಲ್ಲ.

ಈಗ ಏನು ಮಾಡುವುದು? ಯೋಗ, ಧ್ಯಾನ ಅಂತ ಎಲ್ಲರೂ ಹೇಳಿರುತ್ತಾರೆ. ಬೇಡ ಅನ್ನುವುದಿಲ್ಲ, ಆದರೆ ನಾನು ಬಸ್ಸಿನಿಂದ ಶುರು ಮಾಡುತ್ತೇನೆ. ಸುರತ್ಕಲ್‌ನಿಂದ ಉಡುಪಿಗೆ ದಿನಾ ಬಸ್ಸಿನಲ್ಲಿ ಬರುತ್ತೀರಿ, ಒಂದು ಗಂಟೆಯ ಹಾದಿ. ಮೂಲ್ಕಿಯಲ್ಲಿ ಶಾಂಭವಿ ಹೊಳೆಯ ಸೇತುವೆ ಬರುವವರೆಗೆ ಕಳಿಸಬೇಕಾದ ಫಿಗರ್ ಕಳಿಸಿ, ನಾಳೆಗೆ ಉಳಿದದ್ದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಸೇತುವೆ ದಾಟಿದ ಮೇಲೆ ಗ್ರೂಪ್ ಮ್ಯೂಟ್. ಪಡುಬಿದ್ರಿ, ಕಾಪು, ಕಟಪಾಡಿ, ಕಿಟಕಿಯ ಹೊರಗೆ ನೋಡುತ್ತಾ ಬನ್ನಿ. ತುರ್ತು ಇದ್ದರೆ ಫೋನ್ ಮಾಡಲಿ, ಅಂತ ಶಾಖೆಯಲ್ಲಿ ಮೊದಲೇ ಹೇಳಿಡಿ. ಮೊದಲ ಕೆಲವು ದಿನ ಕೈ ಚೀಲದ ಕಡೆ ಹೋಗುತ್ತಲೇ ಇರುತ್ತದೆ. ಹೋಗಲಿ. ಮೆಸೇಜ್ ನೋಡದಿದ್ದರೂ ಏನೂ ಆಗಲಿಲ್ಲ ಅನ್ನುವುದನ್ನು ಅಮಿಗ್ಡಲಾ ದಿನದಿನವೂ ಅನುಭವದಿಂದಲೇ ಕಲಿಯಬೇಕು, ಬೋಧನೆಯಿಂದ ಕಲಿಯುವುದಿಲ್ಲ.

ನಿದ್ದೆಗೆ ಎರಡು ಮಾತು. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ ಹತ್ತಕ್ಕೂ ಮೈಯಲ್ಲಿ ಉಳಿದಿರುತ್ತದೆ, ಹಾಗಾಗಿ ಮಧ್ಯಾಹ್ನದ ಊಟದ ನಂತರ ಕಾಫಿ ಚಾ ಬೇಡ. ಮೂರು ಗಂಟೆಗೆ ಎಚ್ಚರವಾದರೆ ಗಂಟೆ ನೋಡಬೇಡಿ, ಮೊಬೈಲ್ ಅಂತೂ ಮುಟ್ಟಲೇಬೇಡಿ. ಹೊರಳಾಡುವ ಬದಲು ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮಲಗಿ. ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗುವುದು ಬೇಡ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ನುಂಗುವುದು ಇದೆಯಲ್ಲ, ಅದು ಬೇಡವೇ ಬೇಡ. ಅದು ಚಟವಾಗುತ್ತದೆ. ಖಿನ್ನತೆಗೆ ಡಾಕ್ಟರ್ ಕೊಡುವ ಮಾತ್ರೆ ಹಾಗೆ ಚಟವಾಗುವುದಿಲ್ಲ. ಅದನ್ನು ಏಕಾಏಕಿ ನಿಲ್ಲಿಸಬಾರದು, ಅಷ್ಟೆ. ಜನ ಇದನ್ನು ತಿರುವುಮುರುವು ಮಾಡಿಕೊಂಡಿದ್ದಾರೆ.

ನಡಿಗೆಯ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಒಂದು ಅಂಕಿ ಹೇಳಿಬಿಡುತ್ತೇನೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 120 ಹಿರಿಯರಲ್ಲಿ ಅರ್ಧ ಜನ ವಾರಕ್ಕೆ 3 ದಿನ 40 ನಿಮಿಷ ಚುರುಕಾಗಿ ನಡೆದರು. ವರ್ಷದ ಕೊನೆಗೆ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ದೊಡ್ಡದಾಗಿತ್ತು. ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ನಡೆಯಿರಿ, ಮಗನನ್ನೂ ಕರೆದುಕೊಂಡು ಹೋಗಿ. ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಾದರೂ ಸರಿ. ತಿಮರೆ ಚಟ್ನಿಯನ್ನು ನಿಲ್ಲಿಸಬೇಡಿ, ಗಂಜಿಗೆ ಅದರಷ್ಟು ರುಚಿಯಾದದ್ದು ಇಲ್ಲ. ಸಂಜೆಯ ಮೆಸೇಜಿಗೆ ಮಾತ್ರ ಅದರಲ್ಲಿ ಮದ್ದಿಲ್ಲ.

ಇಷ್ಟೆಲ್ಲ ಮಾಡಿಯೂ ಕೆಲಸ ಹಾಗೆಯೇ ಇದ್ದರೆ ನೀವು ತುಂಬಿಸಿದ್ದೆಲ್ಲ ಸೋರಿಹೋಗುತ್ತದೆ. ಮೇಲಿನವರ ಹತ್ತಿರ ‘ಒತ್ತಡ ತಡೆಯಲು ಆಗುತ್ತಿಲ್ಲ’ ಅಂತ ಹೇಳಿದರೆ ‘ಎಲ್ಲರಿಗೂ ಇದೆ’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಒಂದೇ ಒಂದು ವಿಷಯ ಕೇಳಿ, ಇಲ್ಲ ಅನ್ನಲು ಕಷ್ಟವಾಗುವಂಥದ್ದು. ಫಿಗರ್ ಸಂಜೆ ಆರಕ್ಕೆ ಒಂದೇ ಸಲ ಕಳಿಸುತ್ತೇನೆ ಅಂತಲೋ, ರಿಕವರಿಗೆ ಹೋಗುವ ದಿನ ಕೌಂಟರ್ ಕೆಲಸ ಬೇಡ ಅಂತಲೋ. ಬರೆದು ಕೊಡಿ, ಇಮೇಲ್ ಆದರೂ ಆದೀತು. ಹಿಡಿತ ಸ್ವಲ್ಪ ನಿಮ್ಮ ಕೈಗೆ ಬಂದರೂ ಮಿದುಳಿಗೆ ಅದು ಗೊತ್ತಾಗುತ್ತದೆ. ಊರಿನ ಹತ್ತಿರದ ಶಾಖೆಗೆ ಟ್ರಾನ್ಸ್‌ಫರ್ ಕೇಳಲು ಅವಕಾಶ ಇದ್ದರೆ ಈಗಲೇ ಅರ್ಜಿ ಹಾಕಿ. ಚಿಕಿತ್ಸೆಯ ಖರ್ಚಿನ ಚಿಂತೆ ಇದ್ದರೆ, ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನಿಮ್ಮ ಪಾಲಿಸಿಯ ವಿವರ ಕೇಳಿ ತಿಳಿದುಕೊಳ್ಳಿ.

ಚೇತರಿಕೆಗೆ ತಿಂಗಳುಗಳು ಬೇಕು. ನಿದ್ದೆ ಮೊದಲು ಸುಧಾರಿಸುತ್ತದೆ, ಆಮೇಲೆ ಗಮನ, ಹೆಸರುಗಳು. ಟಿಂಗ್ ಅಂದರೆ ಎದೆ ಹಾರುವುದು ಕೊನೆಗೆ ಹೋಗುತ್ತದೆ. ಅದು ಇನ್ನೂ ಇದೆ ಅಂತ ‘ನಾನು ಸರಿಯಾಗಿಯೇ ಇಲ್ಲ’ ಅಂದುಕೊಳ್ಳಬೇಡಿ. ಆರು ವಾರದಲ್ಲಿ ನಿದ್ದೆಯೂ ಸುಧಾರಿಸದಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಯೋಚನೆಯ ದಾರಿ ಬದಲಿಸುವ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯಿಂದ ಒಳ್ಳೆಯ ಸಹಾಯವಾಗುತ್ತದೆ. ಹೋಗುವಾಗ ರಕ್ತಪರೀಕ್ಷೆಯ ವರದಿ ಹಿಡಿದುಕೊಳ್ಳಿ, ಯಜಮಾನರನ್ನೂ ಕರೆದುಕೊಂಡು ಹೋಗಿ. ನೀವು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತ ಹಾಗೆ ಆಗುತ್ತದಾ ಅಂತ ಡಾಕ್ಟರ್ ಕೇಳುತ್ತಾರೆ. ಇದ್ದರೆ ಅದೇ ಒಂದು ಬೇರೆ ಕಾಯಿಲೆ, ದಣಿವಿಗೂ ಮರೆವಿಗೂ ಅದೊಂದೇ ಸಾಕು. ಆ ಪ್ರಶ್ನೆಗೆ ಉತ್ತರ ನಿಮಗೆ ಗೊತ್ತಿರುವುದಿಲ್ಲ, ಯಜಮಾನರಿಗೆ ಗೊತ್ತಿರುತ್ತದೆ.